ಕುರಿ ಎಷ್ಟು ಬದುಕಿವೆ?

ನನ್ನ ಕೆಲಸ ಗಂಟಲು ತೊಳೆಯುವುದಾಗಿತ್ತು. ನನ್ನದಲ್ಲ, ಹಂದಿಯದು. ಬೆಳಗ್ಗೆ ಏಳಕ್ಕೆ ಕಸಾಯಿಖಾನೆಯಿಂದ ಐಸ್ ತುಂಬಿದ ಡಬ್ಬ ಬರುತ್ತಿತ್ತು. ಒಳಗೆ ಹತ್ತೋ ಹನ್ನೆರಡೋ ಉಸಿರುಕೊಳವೆ. ಒಂದೊಂದನ್ನೇ ಎತ್ತಿಕೊಂಡು, ಅಂಟಿದ ಕೊಬ್ಬು, ಮಾಂಸ, ನರ ಎಲ್ಲವನ್ನೂ ಉಗುರಿನಲ್ಲಿ ಕೆರೆದು ತೆಗೆಯಬೇಕು. ಚಾಕು ಮುಟ್ಟಿಸುವ ಹಾಗಿಲ್ಲ, ತೂತು ಬೀಳುತ್ತದೆ. ಆಮೇಲೆ ಸೋಪಿನ ನೀರು, ಉಪ್ಪಿನ ನೀರು, ಔಷಧಿಯ ನೀರು, ಮತ್ತೆ ಸೋಪಿನ ನೀರು. ಅದು ಒಂದು ಸುತ್ತು. ಒಂದು ಸುತ್ತಿಗೆ ಎರಡು ದಿನ. ಅಂಥ ಇಪ್ಪತ್ತೈದು ಸುತ್ತು. ಕೊನೆಗೆ ಕೊಳವೆ ಹಾಲಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತಿತ್ತು.

"ಜೀವ ಇದ್ದದ್ದೆಲ್ಲ ಹೋಗ್ಬೇಕಮ್ಮ, ಆಕಾರ ಮಾತ್ರ ಉಳೀಬೇಕು," ಎಂದು ಲ್ಯಾಬಿನ ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಮೇಡಂ ಅಂದರೆ ಇನ್ನೂ ಓದುತ್ತಿದ್ದ ಹುಡುಗಿ, ನನ್ನ ತಂಗಿಯ ವಯಸ್ಸು. ಆ ಆಕಾರದ ಮೇಲೆ ರೋಗಿಯ ಸೊಂಟದ ಮೂಳೆಯಿಂದ ತೆಗೆದ ಜೀವಕಣ ಬಿತ್ತುತ್ತಾರಂತೆ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಅದು ತಿರುಗುತ್ತಾ ತಿರುಗುತ್ತಾ ಬೆಳೆಯುತ್ತದಂತೆ. ಬೆಳೆದದ್ದನ್ನು ಗಂಟಲು ಕೆಟ್ಟವರಿಗೆ ಕೂಡಿಸುತ್ತಾರಂತೆ. ನೋಡಲು ಬಂದವರಿಗೆಲ್ಲ ದೊಡ್ಡ ಡಾಕ್ಟರು ಇದನ್ನೇ ಹೇಳುತ್ತಿದ್ದರು.

ಹಾಗೆ ಯಾರಾದರೂ ಬರುವ ದಿನ ಮಾತ್ರ ನನಗೆ ಗ್ಲೌಸು. ಉಳಿದ ದಿನ ಬರಿಗೈ. ಆ ಸೋಪು ಹಂದಿಯ ಜೀವ ಯಾವುದು, ನನ್ನದು ಯಾವುದು ಅಂತ ನೋಡುವಷ್ಟು ಬುದ್ಧಿವಂತ ಸೋಪಲ್ಲ. ಬೆರಳ ತುದಿಯಲ್ಲಿ ಚರ್ಮ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಪ್ರಾಣ ಹೋಗುತ್ತಿತ್ತು. ನನ್ನ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಗಂಟಲಮ್ಮ ಎಂದು ಕರೆಯುತ್ತಿದ್ದರು. ನಾನೂ ಓಗೊಡುತ್ತಿದ್ದೆ.

ಓದು ಬರದಿದ್ದರೂ ನನ್ನ ಕೈಗೆ ಒಂದು ವಿದ್ಯೆ ಬಂದಿತ್ತು. ಕೊಳವೆಯನ್ನು ಎರಡು ಬೆರಳಲ್ಲಿ ಹಿಚುಕಿ ಬಿಡಬೇಕು. ಒಳ್ಳೆಯದು ಪಟ್ಟನೆ ದುಂಡಗಾಗುತ್ತದೆ. ಹದಿನೈದು ಸುತ್ತಿನ ತನಕ ಆಗುತ್ತದೆ. ಇಪ್ಪತ್ತು ದಾಟಿತೋ, ಹಿಚುಕಿದ ಹಾಗೇ ಚಪ್ಪಟೆಯಾಗಿ ಮಲಗಿಬಿಡುತ್ತದೆ. ಅದರೊಳಗಿನ ಬಳೆಗಳ ಗಟ್ಟಿತನವನ್ನೂ ಸೋಪು ತಿಂದಿರುತ್ತದೆ. ಮೇಡಂಗೆ ಹೇಳಿದೆ. ಅವಳು ದೊಡ್ಡ ಡಾಕ್ಟರಿಗೆ ಹೇಳಿದಳು. ಅವರು ನನ್ನ ಕಡೆ ತಿರುಗಿ, "ಗಂಟಲಮ್ಮ ಯಾವಾಗ ಡಾಕ್ಟರಾದ್ಲು?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಲ್ಯಾಬಿನ ಹಿಂದೆ ತಗಡಿನ ಶೆಡ್ಡಿತ್ತು. ಅಲ್ಲಿ ಕುರಿಗಳು. ನಾನು ತೊಳೆದ ಕೊಳವೆಯನ್ನು ಮೊದಲು ಕೂಡಿಸಿದ್ದು ಅವುಗಳ ಕತ್ತಿಗೆ. ಒಟ್ಟು ಹನ್ನೊಂದು. ಒಂದು ವಾರ ಮೇಯುತ್ತಿದ್ದವು, ಎರಡು ವಾರ ಮೇಯುತ್ತಿದ್ದವು. ಆಮೇಲೆ ಕತ್ತು ಮುಂದೆ ಚಾಚಿ ನಿಲ್ಲುತ್ತಿದ್ದವು. ಉಸಿರು ಎಳೆದರೆ ಸೀಟಿಯ ಸದ್ದು. ಮರುದಿನ ನೆಲದ ಮೇಲೆ ಬಿದ್ದಿರುತ್ತಿದ್ದವು, ನಾಲಗೆ ನೀಲಿ. ಹೆಚ್ಚು ದಿನ ತಾಳಿದ್ದು ಇಪ್ಪತ್ತೆರಡು ದಿನ. ಹನ್ನೊಂದನ್ನೂ ಕಾಲು ಹಿಡಿದು ಸುಡುವ ಕೋಣೆಗೆ ಎಳೆದು ಹಾಕಿದವಳು ನಾನು.

ಇನ್ನು ನಮ್ಮವರ ವಿಷಯ.

ನಮ್ಮವರು ಚರ್ಮದ ಕಾರ್ಖಾನೆಯಲ್ಲಿ ತೊಟ್ಟಿ ಇಳಿದು ಕೆಸರು ತೆಗೆಯುತ್ತಿದ್ದರು. ಒಂದು ದಿನ ಒಳಗಿದ್ದಾಗಲೇ ಮೇಲಿನವನು ನಲ್ಲಿ ತಿರುಗಿಸಿದ. ಆ್ಯಸಿಡ್ ಹಬೆ. ಹೊರಗೆ ಎಳೆದಾಗ ಕಣ್ಣು ಉಳಿದಿತ್ತು, ಗಂಟಲು ಒಳಗೊಳಗೇ ಬೆಂದಿತ್ತು. ವಾಸಿಯಾಗುತ್ತಾ ಆಗುತ್ತಾ ಅದು ಕಿರಿದಾಯಿತು. ಕೊನೆಗೆ ಕತ್ತಿನ ಬುಡದಲ್ಲಿ ತೂತು ಕೊರೆದು ನಳಿಕೆ ಕೂರಿಸಿದರು. ನಾಲ್ಕು ವರ್ಷ ಅದರಲ್ಲೇ ಉಸಿರು. ನಾಲ್ಕು ವರ್ಷ ಅದರ ಕಫ ತೆಗೆದವಳು ನಾನು. ಕೆಲಸದಲ್ಲಿ ಸತ್ತ ಹಂದಿಯ ಗಂಟಲು, ಮನೆಯಲ್ಲಿ ಬದುಕಿದ ಗಂಡನ ಗಂಟಲು.

ಮಾತಾಡಬೇಕಾದರೆ ಅವರು ಬಲಗೈ ತೋರುಬೆರಳಿನಿಂದ ಆ ತೂತು ಮುಚ್ಚಬೇಕಿತ್ತು. ಆಗ ಗಾಳಿ ಮೇಲಕ್ಕೆ ಹೋಗಿ ಬಾಯಲ್ಲಿ ಮಾತು ಹುಟ್ಟುತ್ತಿತ್ತು. ಒಂದು ಉಸಿರಿಗೆ ಮೂರು ಮಾತು, ಹೆಚ್ಚೆಂದರೆ ನಾಲ್ಕು. ಬೆರಳು ಕತ್ತಿಗೆ ಹೋಯಿತು ಅಂದರೆ ನಮ್ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಿದ್ದೆವು. ಅತ್ತೆ ಕೂಡ, ಜನ್ಮದಲ್ಲಿ ಯಾರ ಮಾತಿಗೂ ಸುಮ್ಮನಾಗದವರು, ಮಗನ ಬೆರಳು ನೋಡಿ ಬಾಯಿ ಮುಚ್ಚುತ್ತಿದ್ದರು.

"ಮೊದ್ಲೆಲ್ಲ ನೀನು... ಬಾಯಿ ಮುಚ್ರಿ ಅಂತಿದ್ದೆ," ಎಂದು ಅವರು ಗೇಲಿ ಮಾಡುತ್ತಿದ್ದರು. "ಈಗ ಕತ್ತು ಮುಚ್ಚಿದ್ರೇನೇ... ಮಾತು ಕಣೇ."

ನಳಿಕೆ ಬದಲಿಸಲು ಅವರನ್ನು ನಮ್ಮ ಲ್ಯಾಬಿರುವ ಆಸ್ಪತ್ರೆಗೇ ಕರೆದುಕೊಂಡು ಹೋದ ದಿನ ದೊಡ್ಡ ಡಾಕ್ಟರು ಎದುರಾದರು. ಕತ್ತು ನೋಡಿದರು. ನನ್ನನ್ನು ನೋಡಿದರು. "ಇವನು ನಿನ್ನ ಗಂಡನಾ?" ಎಂದರು. ಹಂದಿಯ ಡಬ್ಬ ತೆಗೆದು ನೋಡುವಾಗ ಹೊಳೆಯುವ ಹಾಗೇ ಅವರ ಕಣ್ಣು ಹೊಳೆಯಿತು. ಏಳು ವರ್ಷದಲ್ಲಿ ಮೊದಲ ಸಲ ನನಗೆ ಕುರ್ಚಿ ತೋರಿಸಿದರು.

"ಮನುಷ್ಯರಲ್ಲಿ ಮೊದಲನೆಯವನು ನಿನ್ನ ಗಂಡ ಆಗ್ತಾನಮ್ಮ. ನಳಿಕೆ ಇರಲ್ಲ, ತೂತು ಇರಲ್ಲ. ಎಲ್ಲರ ಥರ ಬಾಯಲ್ಲಿ ಮಾತಾಡ್ತಾನೆ."

"ಸಾರ್, ಕುರಿಗಳು..."

"ಅವು ಮೊದಮೊದಲು ಮಾಡಿದ್ದು. ಇನ್ನೊಂದು ಊರಲ್ಲಿ ನಮ್ಮ ದೊಡ್ಡ ಶೆಡ್ ಇದೆ. ಅಲ್ಲಿಯವು ಮೇಯ್ಕೊಂಡು ಆರಾಮಾಗಿವೆ. ನೀನು ನೋಡಿಲ್ಲ ಅಷ್ಟೆ."

ಮನೆಗೆ ಬಂದು ಎಲ್ಲ ಹೇಳಿದೆ. ಬೇಡ ಎಂದೂ ಹೇಳಿದೆ. ಅತ್ತೆಗೆ ಬೇರೆಯದೇ ಚಿಂತೆ. "ಹಂದಿ ಗಂಟಲು ಹಾಕಿದ್ರೆ ನನ್ ಮಗ ಹಂದಿ ಥರ ಗುರ್ ಅಂತಾನೇನೇ?"

ನಮ್ಮವರು ನಕ್ಕರು. ನಕ್ಕರೆ ನಳಿಕೆಯಿಂದ ಕಫ ಹಾರುತ್ತಿತ್ತು. ಒರೆಸಿದೆ. ಅವರು ಬಹಳ ಹೊತ್ತು ಯೋಚನೆ ಮಾಡಿದರು. ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ತಲೆಯ ಮೇಲೆ ನೀರು ಹೊಯ್ದುಕೊಂಡು ಸ್ನಾನ ಮಾಡುವ ಆಸೆ. ಮಾತಾಡುವಾಗ ಎರಡು ಕೈಯೂ ಬಿಡುವಾಗಿರುವ ಆಸೆ. ಕೊನೆಗೆ ಬೆರಳು ಕತ್ತಿಗೆ ಹೋಯಿತು.

"ಆ ಇನ್ನೊಂದು ಶೆಡ್ಡಲ್ಲಿ... ಕುರಿ ಎಷ್ಟು ಬದುಕಿವೆ?"

"ನಾನು ಕೇಳ್ಲಿಲ್ಲ ರೀ."

"ಕೇಳ್ಬೇಕಲ್ವೇನೇ, ಗಂಟಲಮ್ಮ. ನಾನು ಕೇಳ್ತೀನಿ... ಬದುಕಿದ್ರೆ ಸೈ. ಇಲ್ದಿದ್ರೆ ನಾನೇನು... ಹನ್ನೆರಡನೇ ಕುರಿನಾ?"

ಎರಡು ದಿನ ಆ ಒಂದು ಮಾತನ್ನೇ ಅಭ್ಯಾಸ ಮಾಡಿದರು. ಕುರಿ ಎಷ್ಟು ಬದುಕಿವೆ. ಒಂದೇ ಉಸಿರಿಗೆ ಬರಬೇಕು, ನಡುವೆ ಕೆಮ್ಮು ಬರಬಾರದು. ಡಾಕ್ಟರ ಮುಂದೆ ಅರ್ಧಕ್ಕೆ ನಿಂತರೆ ಅವರಿಗೆ ಕಾಯುವ ಪುರುಸೊತ್ತು ಇರುವುದಿಲ್ಲ ಎಂದು ನಮ್ಮವರಿಗೆ ಗೊತ್ತಿತ್ತು. ಉತ್ತರ ಕೇಳಿದ ಮೇಲೆ ಒಪ್ಪುವುದೋ ಬಿಡುವುದೋ ಹೇಳುತ್ತೇನೆ ಎಂದು ಹೊರಟರು. ಒಪ್ಪಿರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಒಪ್ಪಿಗೆಯ ಕೋಣೆಗೆ ಒಂದು ಕಡೆ ಗಾಜಿನ ಗೋಡೆ. ಒಳಗೆ ವಿಡಿಯೋ ಕ್ಯಾಮೆರಾ. ನಾನು ಒಳಗೆ ಕಾಲಿಡುವಾಗ ದೊಡ್ಡ ಡಾಕ್ಟರು ತಡೆದರು.

"ನೀನು ಇಲ್ಲಿನ ಸ್ಟಾಫು. ರೂಲ್ಸ್ ಪ್ರಕಾರ ಇರೋ ಹಾಗಿಲ್ಲ. ಅವನ ತಾಯಿ ಇದ್ದಾರಲ್ಲ, ಸಾಕು."

ಏಳು ವರ್ಷ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ದುಡಿದವಳು ಆ ಒಂದು ಗಂಟೆಗೆ ಸ್ಟಾಫ್ ಆದೆ. ಗಾಜಿನ ಆಚೆ ನಿಂತೆ. ಗೋಡೆಗೆ ಹಾಕಿದ ಸ್ಪೀಕರಿನಲ್ಲಿ ಒಳಗಿನ ಮಾತು ಕೇಳುತ್ತಿತ್ತು.

ಡಾಕ್ಟರು ಕಾಗದ ಓದಿದರು. ಅರ್ಧ ನನಗೂ ತಿಳಿಯದ ಭಾಷೆ. ನಮ್ಮವರ ಬೆರಳು ಕತ್ತಿಗೆ ಹೋಯಿತು. ಪಕ್ಕದಲ್ಲಿದ್ದ ನರ್ಸು ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು. "ಮುಟ್ಕೋಬಾರ್ದು ಅಣ್ಣ, ಸೋಂಕಾಗುತ್ತೆ." ಡಾಕ್ಟರು ಇನ್ನೊಂದು ಪುಟ ಓದಿದರು. ಮತ್ತೆ ಬೆರಳು ಮೇಲೆದ್ದಿತು. ಮತ್ತೆ ನರ್ಸು ಇಳಿಸಿದಳು. ಮೂರನೇ ಸಲ ಅವರು ಜೋರಾಗಿ ಕೈ ಎಳೆದುಕೊಂಡರು. "ಗಾಬರಿ ಆಗ್ಬೇಡಿ," ಎಂದು ಅವಳು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಳು. ಅವಳ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಅವಳು ಅವರ ಬಾಯಿ ಹಿಡಿದಿದ್ದಳು, ಅದು ಅವಳಿಗೆ ಗೊತ್ತಿರಲಿಲ್ಲ.

"ನಿಮಗೆ ಏನಾದ್ರೂ ಕೇಳೋದಿದೆಯಾ? ಒಪ್ಪಿಗೆ ತಾನೆ?" ಡಾಕ್ಟರು ಎರಡನ್ನೂ ಒಂದೇ ಉಸಿರಿಗೆ ಕೇಳಿದರು. ಅವರಿಗೇನು, ಉಸಿರು ಬೇಕಾದಷ್ಟಿತ್ತು.

ನಮ್ಮವರು ತಲೆಯಾಡಿಸಿದರು. ಹೌದು, ಕೇಳೋದಿದೆ ಎಂದು. ಜೋರಾಗಿ, ಎರಡು ಸಲ.

"ಒಪ್ಪಿದ್ದಾರೆ," ಎಂದು ಡಾಕ್ಟರು ಕ್ಯಾಮೆರಾ ನೋಡಿ ಹೇಳಿದರು.

ಬಲಗೈ ನರ್ಸಿನ ಹತ್ತಿರವೇ ಇತ್ತು. ಎಡಗೈ ಕತ್ತಿಗೆ ಎತ್ತುವಷ್ಟರಲ್ಲಿ ಯಾರೋ ಅದನ್ನೂ ಹಿಡಿದು, ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿದರು. ಅತ್ತೆಯ ಹೆಬ್ಬೆಟ್ಟೂ ಬಿತ್ತು. ನಮ್ಮವರು ಗಾಜಿನ ಕಡೆ ತಿರುಗಿ ನನ್ನನ್ನೇ ನೋಡಿದರು. ನಾನು ಗಾಜು ಬಡಿಯಬೇಕಿತ್ತು. ಒದ್ದು ಒಡೆಯಬೇಕಿತ್ತು. "ಇಲ್ಲಿ ಉಸಿರೆತ್ತಬಾರದು" ಎಂದು ಡಾಕ್ಟರು ಹೇಳಿಹೋಗಿದ್ದರು, ನಾನು ಎತ್ತಲಿಲ್ಲ. ಏಳು ವರ್ಷ ತೊಳೆದೂ ತೊಳೆದೂ ನನ್ನೊಳಗಿನದೂ ಹೋಗಿ ಬರಿ ಆಕಾರ ಉಳಿದಿತ್ತು.

ಅಲ್ಲಿಂದಲೇ ಅವರನ್ನು ವಾರ್ಡಿಗೆ ಸಾಗಿಸಿದರು. ಹೊರಗೆ ಬಂದ ಅತ್ತೆ, "ಆ ನರ್ಸಮ್ಮ ಎಷ್ಟು ಒಳ್ಳೇವ್ಳು ನೋಡು, ಕೊನೇತನಕ ಕೈ ಬಿಡ್ಲಿಲ್ಲ," ಎಂದರು.

ಡಾಕ್ಟರ ಕೋಣೆಗೆ ಹೋದೆ. ಕುರ್ಚಿ ಇತ್ತು, ಕೂರು ಎನ್ನಲಿಲ್ಲ.

"ಸಾರ್, ಅವ್ರು ಕೇಳೋದಿದೆ ಅಂತ ತಲೆಯಾಡಿಸಿದ್ದು. ಬೆರಳಿಟ್ರೇನೇ ಅವ್ರಿಗೆ ಮಾತು ಬರೋದು."

"ವಿಡಿಯೋ ಇದೆಯಮ್ಮ. ಸಾಕ್ಷಿಗೆ ತಾಯಿ ಇದ್ದಾರೆ. ಗಂಡ ಸರಿಹೋಗೋದು ನಿನಗೆ ಇಷ್ಟ ಇಲ್ವಾ?"

"ಒಂದ್ಸಲ ನಾನು ಒಳಗೆ ಹೋಗಿ ಮಾತಾಡಿ ಬರ್ತೀನಿ."

"ಹಂದಿ ತೊಳೆಯೋ ಕೈಯಲ್ಲಿ ಆ ವಾರ್ಡಿಗಾ? ಅವನನ್ನ ಕೊಲ್ಬೇಕು ಅಂತಿದ್ದೀಯಾ?"

ಆರು ವಾರ ಅವರನ್ನು ಒಳಗೇ ಇಟ್ಟರು. ವಾರಕ್ಕೊಮ್ಮೆ ಬಾಗಿಲಿನ ಚಿಕ್ಕ ಗಾಜಿನಿಂದ ಮುಖ ನೋಡಬಹುದಿತ್ತು. ಅವರು ಪ್ರತಿ ಸಲ ಬೆರಳಿಟ್ಟು ಏನೋ ಹೇಳುತ್ತಿದ್ದರು. ಬಾಗಿಲು ದಪ್ಪ, ಕೇಳಿಸುತ್ತಿರಲಿಲ್ಲ. ತುಟಿ ನೋಡಿದರೆ ಅದೇ ಮಾತು. ವಾರ್ಡಿನವರನ್ನು ಕೇಳಿದರೆ, ಹೆಬ್ಬೆಟ್ಟು ಆಗಿದೆಯಲ್ಲ ಎಂದು ಹೋಗಿಬಿಡುತ್ತಿದ್ದರಂತೆ.

ಅವರಿಗೆಂದು ಆರಿಸಿದ ಕೊಳವೆಯ ಕೊನೆಯ ಸುತ್ತುಗಳನ್ನು ತೊಳೆದವಳೂ ನಾನೇ. ಬೇರೆ ಯಾರ ಕೈಗೋ ಸಿಕ್ಕಿ ತೂತು ಬಿದ್ದರೆ ಎಂಬ ಭಯ. ಇಪ್ಪತ್ತೈದನೇ ಸುತ್ತಿನಲ್ಲಿ ಹಿಚುಕಿದೆ. ಚಪ್ಪಟೆ. ಮೇಡಂ ಹತ್ತಿರ ಓಡಿದೆ. "ಜೀವಕಣ ಬೆಳೆದ ಮೇಲೆ ಗಟ್ಟಿಯಾಗುತ್ತಮ್ಮ," ಎಂದಳು. ನನ್ನ ಮುಖ ನೋಡದೆ ಹೇಳಿದಳು.

ಆಪರೇಷನ್ ಆಯಿತು. ನಳಿಕೆ ತೆಗೆದರು, ತೂತು ಹೊಲಿದರು. ಬದುಕಿದರು. ಗಾಜಿನಾಚೆಯಿಂದ ಮೂಗಿನಲ್ಲಿ ಉಸಿರಾಡಿ ತೋರಿಸಿದರು, ಮೂಗಿನ ಹೊಳ್ಳೆ ಅರಳಿಸಿ, ಚೇಷ್ಟೆ ಮಾಡುವವರ ಹಾಗೆ. ನಾನು ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಇರಲಿ, ಇನ್ನೊಂದು ಊರಿನ ಕುರಿಗಳ ಪುಣ್ಯ ಎಂದುಕೊಂಡೆ.

ಹತ್ತನೇ ದಿನ ಮೇಡಂ ತೊಳೆಯುವ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಕಣ್ಣು ಕೆಂಪಗಿತ್ತು.

"ಅಮ್ಮಾ, ಇನ್ನೊಂದು ಶೆಡ್ ಇಲ್ಲ."

"ಎಲ್ಲಿ ಇಲ್ಲ?"

"ಎಲ್ಲೂ ಇಲ್ಲ. ಇದ್ದದ್ದೇ ಹನ್ನೊಂದು. ನಾನು ಹೇಳಿದೆ ಅಂತ ಯಾರ ಹತ್ರಾನೂ ಹೇಳ್ಬೇಡಿ, ನನ್ನ ಓದು ನಿಂತ್ಹೋಗುತ್ತೆ."

ಇಷ್ಟು ಹೇಳಿದ ಮೇಲೆ ಅವಳ ಎದೆಯ ಭಾರ ಇಳಿಯಿತು, ಹೋದಳು. ಆ ಭಾರ ನನ್ನ ಮೇಲೆ ಬಿತ್ತು. ನಮ್ಮವರಿಗೆ ಹೇಳುವುದು ಹೇಗೆ? ಹೇಳಿ ಮಾಡುವುದೇನು? ಕೊಳವೆ ಆಗಲೇ ಕತ್ತಿನೊಳಗೆ ಕೂತಾಗಿತ್ತು. ಹೇಳುವುದು ಬೇಡ, ಇರುವಷ್ಟು ದಿನ ನಗುತ್ತಿರಲಿ ಎಂದು ಗಟ್ಟಿ ಮಾಡಿಕೊಂಡೆ.

ಹನ್ನೆರಡನೇ ದಿನ ದೊಡ್ಡ ಹಾಲಿನಲ್ಲಿ ಪತ್ರಿಕೆಯವರನ್ನು ಕರೆದಿದ್ದರು. ಮುಂದೆ ಸೂಟು ಹಾಕಿದವರು, ಅವರ ಹಿಂದೆ ಕ್ಯಾಮೆರಾದವರು, ಎಲ್ಲಕ್ಕಿಂತ ಹಿಂದೆ ನಾನು ಮತ್ತು ಅತ್ತೆ. ನಮ್ಮವರನ್ನು ಗಾಲಿ ಕುರ್ಚಿಯಲ್ಲಿ ತಂದರು. ಹೊಸ ಅಂಗಿ. ಎರಡು ಕೈಯೂ ತೊಡೆಯ ಮೇಲೆ ಬಿಡುವಾಗಿದ್ದವು. ಉಸಿರು ಎಳೆದಾಗ ಸಣ್ಣಗೆ ಸೀಟಿ ಕೇಳಿಸಿತು. ಅಷ್ಟು ಜನರ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ. ನನಗೆ ಆ ಸದ್ದು ಗೊತ್ತಿತ್ತು.

ಡಾಕ್ಟರು ಮೈಕು ಹಿಡಿದರು. "ನಾಲ್ಕು ವರ್ಷ ಬಾಯಿಲ್ಲದ ಮನುಷ್ಯ. ಈಗ ಕೇಳಿ. ಹೇಳಪ್ಪಾ, ಹೇಗಿದ್ದೀಯಾ?"

'ನಾನು ಚೆನ್ನಾಗಿದ್ದೇನೆ' ಎಂದು ಹೇಳಿಸಲು ಮೂರು ದಿನದಿಂದ ಬಾಯಿಪಾಠ ಮಾಡಿಸಿದ್ದರಂತೆ. ನಮ್ಮವರು ಎದೆ ತುಂಬ ಉಸಿರು ಎಳೆದುಕೊಂಡರು. ಕೈ ಮೇಲೆತ್ತಲಿಲ್ಲ.

"ಕುರಿ ಎಷ್ಟು ಬದುಕಿವೆ?"

ಸ್ಪಷ್ಟವಾಗಿ. ಕೆಮ್ಮಿಲ್ಲದೆ. ಒಂದೇ ಉಸಿರಿಗೆ.

ಡಾಕ್ಟರು ನಕ್ಕರು. "ಪಾಪ, ಊರಲ್ಲಿ ಕುರಿ ಬಿಟ್ಟು ಬಂದಿದ್ದಾರೆ. ಅದರದೇ ಯೋಚನೆ. ಚಿಂತೆ ಮಾಡ್ಬೇಡಪ್ಪ, ಎಲ್ಲ ಬದುಕಿವೆ!"

ಎಲ್ಲರೂ ನಕ್ಕರು. ಚಪ್ಪಾಳೆ ಹೊಡೆದರು. ಕ್ಯಾಮೆರಾಗಳು ಮಿಂಚಿದವು. ಜನ್ಮದಲ್ಲಿ ಒಂದು ಕುರಿ ಸಾಕದ ಮನುಷ್ಯ ಅವರು. ಆ ನಗುವಿನ ನಡುವೆ ಅವರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ. ಅವರ ಕಣ್ಣು ಸಾಲು ಸಾಲಾಗಿ ದಾಟಿ ಹಿಂದಕ್ಕೆ ಬಂದು ನನ್ನ ಮೇಲೆ ನಿಂತಿತು. ನಿಜವಾ ಎಂದು ಕೇಳುತ್ತಿತ್ತು. ಎಲ್ಲ ಬದುಕಿವೆಯಾ?

ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ನಿಶ್ಚಿಂತೆಯಿಂದ ಇರುತ್ತಿದ್ದರು, ಇರುವಷ್ಟು ದಿನ. ಹೇಳಿದರೆ ಗಂಡನ ಸಾವನ್ನು ನೂರು ಜನರ ಮುಂದೆ ಹೆಂಡತಿಯೇ ಓದಿ ಹೇಳಿದ ಹಾಗೆ. ಇದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಆದರೆ ಅವರ ಎಂಟು ವಾರದ ಒಂದೇ ಒಂದು ಪ್ರಶ್ನೆಯನ್ನು ಈ ಜನ ಚಪ್ಪಾಳೆ ಹೊಡೆದು ಮುಚ್ಚುತ್ತಿದ್ದರು. ಅದಕ್ಕೆ ನನ್ನ ತಲೆಯಾಡಿಕೆಯೂ ಬೇಕಾಗಿತ್ತು. ಕೊಡಲಿಲ್ಲ.

"ಸುಳ್ಳು!" ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. "ಒಂದೂ ಇಲ್ಲ ರೀ! ಇನ್ನೊಂದು ಶೆಡ್ಡೇ ಇಲ್ಲ. ಇದ್ದದ್ದು ಹನ್ನೊಂದು, ಹನ್ನೊಂದೂ ಸತ್ತವು. ನಾನೇ ಎಳ್ದು ಹಾಕಿದ್ದೀನಿ!"

ಅವರ ಮುಖದ ಮೇಲೆ ಆಗಿದ್ದನ್ನು ಹೇಳಲಾರೆ. ಗಾರ್ಡು ನನ್ನ ತೋಳು ಹಿಡಿದ. ಅಷ್ಟರಲ್ಲಿ ಅವರು ಡಾಕ್ಟರ ಕೈಯಿಂದ ಮೈಕು ಕಿತ್ತುಕೊಂಡಿದ್ದರು.

"ಬರ್ಕೊಳ್ಳಿ," ಎಂದರು. "ನಾನು ಒಪ್ಪಿರಲಿಲ್ಲ. ಕೇಳೋಕೆ ಹೊರಟಿದ್ದೆ, ಕೈ ಹಿಡಿದ್ರು. ಬರ್ಕೊಳ್ಳಿ."

ಮೈಕಿನ ಸದ್ದು ನಿಂತಿತು, ಯಾರೋ ತಂತಿ ಎಳೆದಿದ್ದರು. ಅವರು ನಿಲ್ಲಲಿಲ್ಲ. ಮೈಕಿಲ್ಲದೆ ಕೂಗಿದರು. ತೊಟ್ಟಿ ಇಳಿಯುವ ಮುಂಚಿನ ಆ ದೊಡ್ಡ ದನಿ, ನಾಲ್ಕು ವರ್ಷದಿಂದ ನಾನು ಮರೆತೇ ಹೋಗಿದ್ದ ದನಿ. "ನಾನು ಒಪ್ಪಿರಲಿಲ್ಲ!" ಆಸ್ಪತ್ರೆಯವರು ಅವರ ಕುರ್ಚಿ ತಳ್ಳಿಕೊಂಡು ಹೋದರು, ಬಾಗಿಲು ಮುಚ್ಚಿದರು. ಆಮೇಲೂ ಕೇಳಿಸುತ್ತಿತ್ತು.

ಮರುದಿನದ ಪೇಪರಿನಲ್ಲಿ ಅವರ ಫೋಟೋ ಬಂತು. ಮೇಡಂ ಓದಿ ಹೇಳಿದಳು. 'ನಾಲ್ಕು ವರ್ಷದ ಬಳಿಕ ಮೊದಲ ಮಾತು: ನನ್ನ ಕುರಿಗಳು ಹೇಗಿವೆ?'

ಇಪ್ಪತ್ತನೇ ದಿನ ಸತ್ತರು. ಹೇಗೆ ಎಂದು ಯಾರೂ ಹೇಳಲಿಲ್ಲ, ನನಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಹೆಣ ಕೊಡುವಾಗ ಕತ್ತಿಗೆ ದಪ್ಪ ಬಟ್ಟೆ ಸುತ್ತಿದ್ದರು. ಅತ್ತೆ ಮಗನ ಕತ್ತು ಸವರಿದರು. ಕೈ ಒಳಕ್ಕೆ ಹೋಯಿತು. ಒಳಗೆ ಹತ್ತಿ.

"ನನ್ ಮಗನ ಗಂಟಲೆಲ್ಲಿ?"

"ಪರೀಕ್ಷೆಗೆ ಇಟ್ಕೊಂಡಿದ್ದೀವಿ ಅಜ್ಜಿ. ಕಾಗದದಲ್ಲಿದೆ. ನೀವೇ ಹೆಬ್ಬೆಟ್ಟು ಒತ್ತಿದ್ದೀರಲ್ಲ."

ಅತ್ತೆ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಆವತ್ತಿನಿಂದ ಅವರು ಆ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಇರುತ್ತಾರೆ. ಬಿಚ್ಚಲು ಹೋದರೆ ಕಚ್ಚುತ್ತಾರೆ.

ಹದಿನೈದು ದಿನಕ್ಕೆ ದೊಡ್ಡ ಡಾಕ್ಟರು ಹೇಳಿಕಳಿಸಿದರು. ಆವತ್ತು ಹಾಲಿನಲ್ಲಿ ಆಡಿದ್ದನ್ನು ಮರೆತುಬಿಡುತ್ತಾರಂತೆ. ಸೋಮವಾರ ಡಬ್ಬ ಬರುತ್ತದಂತೆ, ಹೊಸಬರು ಮುಟ್ಟಿದ್ದೆಲ್ಲ ತೂತು ಬೀಳುತ್ತಿದೆಯಂತೆ, ನನ್ನ ಕೈಯೇ ಬೇಕಂತೆ. ಬರುವುದಿಲ್ಲ ಎಂದೆ. ಹಂದಿಯ ಗಂಟಲನ್ನು ಅವರೇ ತೊಳೆದುಕೊಳ್ಳಲಿ, ಬರಿಗೈಯಲ್ಲಿ.

ಈಗ ಆಸ್ಪತ್ರೆಯ ಗೇಟಿನ ಹತ್ತಿರ ನಿಲ್ಲುತ್ತೇನೆ. ದಿನಾ. ಗಾರ್ಡು ಓಡಿಸುತ್ತಾನೆ, ಬೀದಿಯ ಆಚೆ ಹೋಗಿ ಮತ್ತೆ ಈಚೆ ಬರುತ್ತೇನೆ. ನಿನ್ನೆ ಒಬ್ಬಳು ಬಂದಳು. ನನಗಿಂತ ಚಿಕ್ಕವಳು, ಕತ್ತಿನಲ್ಲಿ ನಳಿಕೆ, ಕಂಕುಳಲ್ಲಿ ಮಗು. ದೊಡ್ಡ ಡಾಕ್ಟರು ಕರೆಸಿದ್ದಾರಂತೆ. ಅವಳನ್ನು ನಿಲ್ಲಿಸಿ ಎಲ್ಲ ಹೇಳಿದೆ. ಕೊಳವೆ, ಕುರಿ, ಗಾಜು, ಹತ್ತಿ, ಎಲ್ಲ. ಕೇಳಿದಳು. ಮಗುವನ್ನು ಕೆಳಗಿಳಿಸಿ, ಬೆರಳನ್ನು ಕತ್ತಿಗೆ ಒತ್ತಿದಳು. ನಾನು ಸುಮ್ಮನೆ ಕಾದೆ.

"ನಿಮ್ ಯಜಮಾನ್ರು... ಬಾಯಲ್ಲಿ ಮಾತಾಡಿದ್ರಾ?"

"ಮಾತಾಡಿದ್ರು."

"ಎಷ್ಟು ದಿನ?"

"ಇಪ್ಪತ್ತು ದಿನ ತಾಯೀ, ಬರೀ ಇಪ್ಪತ್ತೇ ದಿನ."

ಅವಳ ಕಣ್ಣು ಅರಳಿದವು. ಕೆಳಗೆ ನಿಂತ ಮಗುವನ್ನು ನೋಡಿದಳು. "ಇವನು ನನ್ ನಿಜವಾದ ದನಿನೇ... ಕೇಳಿಲ್ಲ ಅಕ್ಕ," ಎಂದಳು. "ಇಪ್ಪತ್ತು ದಿನ!"

ಗೇಟಿನ ಕಡೆ ಹೆಜ್ಜೆ ಹಾಕಿದಳು. ಅವಳ ಎಡಗೈ ಹಿಡಿದುಕೊಂಡೆ. ಎಳೆದಳು, ಬಿಡಲಿಲ್ಲ. ಗಾರ್ಡು ಲಾಠಿಯಿಂದ ನನ್ನ ಮಣಿಕಟ್ಟಿಗೆ ಹೊಡೆದ, ಬಿಡಲಿಲ್ಲ. ಮಗು ಅಳಲು ಶುರು ಮಾಡಿತು. ಅವಳು ಇನ್ನೊಂದು ಕೈಯ ಬೆರಳನ್ನು ಕತ್ತಿಗೆ ಒತ್ತಿಕೊಂಡು ನನ್ನನ್ನು ಬೈದಳು. ಕೆಟ್ಟ ಕೆಟ್ಟ ಮಾತು, ಒಂದು ಉಸಿರಿಗೆ ಮೂರು ಮೂರು. ಒಂದನ್ನೂ ತಡೆಯದೆ ಪೂರ್ತಿ ಕೇಳಿಸಿಕೊಂಡೆ. ಕೈ ಮಾತ್ರ ಬಿಡಲಿಲ್ಲ.